ನೆಲಕ್ಕೆ ಕೂರದ ಊರಿಗೆ ನಮ್ಮ ಮನೆಯ ಕಲ್ಲು

ಸೇಡಂ

ವಿದೇಶಕ್ಕೆ ಹೋಗಿ ಬಂದವರು ಅಲ್ಲಿ ಏನೇನಿದೆ ಎಂದು ಹೇಳುತ್ತಾರೆ. ನಾನು ಅಲ್ಲಿ ಏನಿಲ್ಲ ಎಂಬುದರಿಂದ ಶುರು ಮಾಡುತ್ತೇನೆ. ನಾನು ಹೋಗಿದ್ದ ಜರ್ಮನಿಯ ಸಣ್ಣ ಊರಿನಲ್ಲಿ ನೆಲವಿಲ್ಲ. ನಡೆಯಲಿಕ್ಕೆ ಇದೆ, ಒರೆಸಲಿಕ್ಕೆ ಇದೆ, ಕಾರ್ಪೆಟ್ ಹಾಸಲಿಕ್ಕೂ ಇದೆ. ಕೂರಲಿಕ್ಕೆ ಮಾತ್ರ ಇಲ್ಲ. ಅಲ್ಲಿ ಮನುಷ್ಯ ಒಂದಲ್ಲ ಒಂದು ಕುರ್ಚಿಯ ಮೇಲೆಯೇ ಇರುತ್ತಾನೆ, ಎದ್ದರೆ ಇನ್ನೊಂದು ಕುರ್ಚಿಗೆ ಹೋಗಲಿಕ್ಕೆ ಏಳುತ್ತಾನೆ.

ಇದು ನನ್ನನ್ನು ಇಷ್ಟು ಕಾಡಿದ್ದೇಕೆಂದರೆ, ನಾನು ಅಲ್ಲಿಗೆ ಹೋದದ್ದೇ ಒಬ್ಬರನ್ನು ನೆಲದ ಮೇಲೆ ಕೂರಿಸುವ ಉಪಾಯ ಹುಡುಕಿಕೊಂಡು. ನಾನು ಸೇಡಂನಲ್ಲಿ ಮೂಳೆ ಡಾಕ್ಟರು. ಆ ಒಬ್ಬರು ನನ್ನ ಹೆಂಡತಿ ಸುಜಾತಾ, ಇಲ್ಲಿನ ಹೈಸ್ಕೂಲಿನ ಗಣಿತದ ಮೇಡಂ. ಎರಡು ವರ್ಷದ ಹಿಂದೆ ಶಾಲೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಎಡಮೊಣಕಾಲಿನ ಚಿಪ್ಪು ಚೂರು ಮಾಡಿಕೊಂಡಳು. ಕಲಬುರಗಿಯಲ್ಲಿ ನನ್ನ ಗೆಳೆಯನೇ ಆಪರೇಷನ್ ಮಾಡಿ ತಂತಿ ಬಿಗಿದ, ಚೆನ್ನಾಗಿಯೇ ಬಿಗಿದ. ಆದರೆ ಕೆಲವು ಮೂಳೆಗಳಿಗೆ ತಮ್ಮದೇ ಹಟ ಇರುತ್ತದೆ. ಅವಳ ಚಿಪ್ಪು ಪೂರ್ತಿ ಕೂಡಲೇ ಇಲ್ಲ. ತಂತಿ ತೆಗೆದರೆ ಚೂರುಗಳು ಮತ್ತೆ ಬೇರೆಯಾಗುತ್ತವೆ, ತೆಗೆಯದೆ ಇದ್ದರೆ ತಂತಿಯ ತುದಿಗಳು ಚರ್ಮದ ಕೆಳಗಿನಿಂದ ಚುಚ್ಚುತ್ತವೆ. ನಡೆಯುತ್ತಾಳೆ, ಪಾಠ ಮಾಡುತ್ತಾಳೆ, ನನ್ನನ್ನು ಬೈಯುತ್ತಾಳೆ. ನೆಲಕ್ಕೆ ಮೊಣಕಾಲು ತಾಗಿಸಲು ಮಾತ್ರ ಆಗುವುದಿಲ್ಲ.

ಇಷ್ಟೇನಾ ಎಂದು ನಿಮಗೆ ಅನ್ನಿಸಿದರೆ ಒಂದು ದಿನ ನನ್ನ ದವಾಖಾನೆಗೆ ಬಂದು ಕೂರಿ. ಶಹಾಬಾದಿನಿಂದ ನೆಲಕ್ಕೆ ಹಾಸುವ ಫರ್ಶಿ ಕಲ್ಲು ಕಡಿಯುವವರು ಬರುತ್ತಾರೆ, ಚಿತ್ತಾಪುರದ ಕಡೆಯಿಂದ ತೊಗರಿ ಹೊಲದಲ್ಲಿ ಕಳೆ ಕೀಳುವ ಹೆಂಗಸರು ಬರುತ್ತಾರೆ, ಚಿಂಚೋಳಿಯಿಂದ ಅರ್ಧ ತೆಲುಗು ಮಾತಾಡುವ ಮುದುಕರು ಬರುತ್ತಾರೆ. ಆಪರೇಷನ್ ಆದಮೇಲೆ ನಡೆಯಲು ಬರುತ್ತದೆಯೇ ಎಂಬುದು ಅವರ ಎರಡನೆಯ ಪ್ರಶ್ನೆ. ಮೊದಲನೆಯದು, "ಸಾಹೇಬ್ರ, ಕೆಳಗ ಕುಂದರಲಿಕ್ಕ ಬರತದೇನ್ರಿ?"

ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಒಂದು ಕಟ್ಟಿಗೆ ಒಲೆ ಇದೆ. ಒಳಗೆ ಗ್ಯಾಸ್ ಇದ್ದರೂ ಜೋಳದ ರೊಟ್ಟಿ ಮಾತ್ರ ಅಲ್ಲೇ ಆಗಬೇಕೆಂದು ಸುಜಾತಾಳ ಕಾನೂನು. ಶಾಲೆಯಿಂದ ಬಂದು ಸಂಜೆ ಅವಳು ಅಲ್ಲಿ ಕೂತು ರೊಟ್ಟಿ ಬಡಿಯುವುದು, ನಾನು ಎದುರಿಗೆ ತಾಟು ಇಟ್ಟುಕೊಂಡು ಕೂರುವುದು, ಹಂಚಿನಿಂದ ಉಬ್ಬಿದ ರೊಟ್ಟಿ ನೇರ ನನ್ನ ತಾಟಿಗೆ ಬೀಳುವುದು. ನಮ್ಮ ಮದುವೆಯ ಮುಖ್ಯ ಮಾತುಕತೆಗಳೆಲ್ಲ ಆ ಕಲ್ಲುನೆಲದ ಮೇಲೆಯೇ ಆಗಿವೆ. ಅವಳು ಬಿದ್ದ ಮೇಲೆ ಒಳಗೆ ಕಟ್ಟೆಯ ಮುಂದೆ ನಿಂತು ಬಡಿಯತೊಡಗಿದಳು. ನಾನೇ ಬಡಿಯುತ್ತೇನೆಂದು ಎರಡು ಸಲ ಹಿಟ್ಟಿಗೆ ಕೈ ಹಾಕಿದೆ. ಒಂದು ರೊಟ್ಟಿಯನ್ನು ನಾಯಿ ಮೂಸಿ ನೋಡಿ ಹೋಯಿತು. ಈಗ ನಾವು ಮೇಜಿನ ಮೇಲೆ ಉಣ್ಣುತ್ತೇವೆ, ಅವಳ ಬೆನ್ನು ನನ್ನ ಕಡೆಗಿರುತ್ತದೆ.

ಆದರೆ ನನ್ನನ್ನು ಕೆಲಸಕ್ಕೆ ಹಚ್ಚಿದ್ದು ಕುರಕುಂಟಾದ ಹೊಲ. ಅದು ಅವಳ ತವರು. ಚಳಿಗಾಲದಲ್ಲಿ ಅಲ್ಲಿ ಸೀತನಿ ಸುಡುತ್ತಾರೆ. ಹಾಲುಗಾಳಿನ ಜೋಳದ ತೆನೆಗಳನ್ನು ಕೆಂಡದಲ್ಲಿ ಹೊರಳಿಸಿ, ಉಜ್ಜಿ, ಬಿಸಿಬಿಸಿ ಕಾಳನ್ನು ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಜೊತೆ ತಿನ್ನುವುದು. ಅಕ್ಕತಂಗಿಯರೆಲ್ಲ ಕೆಂಡದ ಸುತ್ತ ಮಣ್ಣಿನ ಮೇಲೆ ಕೂತಿದ್ದರು. ಸುಜಾತಾಳಿಗೆಂದು ಅಣ್ಣ ಪ್ರೀತಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. ಅವಳು ಸ್ವಲ್ಪ ಹೊತ್ತು ಕೂತಳು. ಆಮೇಲೆ ನನ್ನನ್ನು ಹತ್ತಿರ ಕರೆದಳು.

"ಎಲ್ಲಾರೂ ಕೆಳಗ ಕುಂತಾರ, ನಾ ಒಬ್ಬಾಕಿ ಮ್ಯಾಲ. ಸತ್ತವರ ಫೋಟೋಕ್ಕ ಹಾರ ಹಾಕಿ ಇಟ್ಟಂಗ ಕಾಣ್ಲಿಕತ್ತೀನಿ. ನಡ್ರಿ, ಮನಿಗಿ ಹೋಗಾಮು."

ಆ ವಾರವೇ ನಾನು ಹಾಲಿನಪುಡಿ ಡಬ್ಬಿಯ ತಗಡು ಕತ್ತರಿಸಿದೆ. ಚಿಪ್ಪಿನ ಮೇಲೆ ಟೋಪಿಯಂತೆ ಕೂರುವ ತೆಳು ಪಟ್ಟಿ, ಅಂಚಿನಲ್ಲಿ ಸಣ್ಣ ಸ್ಕ್ರೂಗಳು, ಮೇಲೆ ಎಲ್ಲೂ ಮೊನೆ ಇರಬಾರದು ಎಂಬುದು ನನ್ನ ಲೆಕ್ಕಾಚಾರ. ಮಟನ್ ಅಂಗಡಿಯಿಂದ ಆಡಿನ ಮೊಣಕಾಲು ಚಿಪ್ಪು ತಂದು ಅದರ ಮೇಲೆ ಕೂರಿಸಿ ನೋಡುತ್ತಿದ್ದೆ. ಚೂರುಗಳನ್ನು ಒಟ್ಟಿಗೆ ಹಿಡಿಯಲು ಒಂದು ಉಪಕರಣ ಬೇಕಿತ್ತು. ಪೇಟೆಯಲ್ಲಿ ಸಿಗುವುದು ನಮ್ಮ ತೆಳು ಹೆಂಗಸರ ಚಿಪ್ಪಿಗೆ ದೊಡ್ಡದು. ಅಡಿಗೆಮನೆಯ ಇಕ್ಕಳವನ್ನೇ ಬಗ್ಗಿಸಿದೆ.

"ಏನ್ರೀ, ನನ್ನ ಇಕ್ಕಳ ಎಲ್ಲಿ ಹೋತು? ಫ್ರಿಜ್‌ನ್ಯಾಗ ಆಡಿನ ಮೂಳಿ, ದವಾಖಾನ್ಯಾಗ ನನ್ನ ಇಕ್ಕಳ. ಭಾಳ ಛಂದ ಸಂಸಾರ ಮಾಡ್ಲಿಕತ್ತೀರಿ!"

ಈ ತಗಡನ್ನೂ ಇಕ್ಕಳವನ್ನೂ ಹೈದರಾಬಾದಿನ ಒಂದು ಸಮ್ಮೇಳನದಲ್ಲಿ ತೋರಿಸಿದಾಗ ಹಲವರು ನಕ್ಕು ಚಹಾ ಕುಡಿಯಲು ಹೋದರು. ಬಿಳಿಗೂದಲಿನ ಒಬ್ಬ ಜರ್ಮನ್ ಹೆಂಗಸು ಮಾತ್ರ ನಕ್ಕ ಮೇಲೂ ಅಲ್ಲೇ ನಿಂತಳು. ಹೆಸರು ಹೈಕೆ. ಶಸ್ತ್ರಚಿಕಿತ್ಸೆಯ ಉಪಕರಣ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಎಂಜಿನಿಯರ್. ಹೋಗುವಾಗ ತಗಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದಳು. ಕೆಲವು ತಿಂಗಳ ನಂತರ, ಟೈಟಾನಿಯಂನಲ್ಲಿ ಮೊದಲ ಮಾದರಿ ತಯಾರಾಗುತ್ತಿದೆ, ಬಂದು ನೋಡಿ ಎಂದು ಕರೆದಳು.

ಹೈದರಾಬಾದ್

ಹೊರಡುವ ಮುನ್ನ ಸುಜಾತಾ ಹಿತ್ತಲಿನಿಂದ ಒಂದು ಕಲ್ಲಿನ ತುಂಡು ತಂದು ಕೊಟ್ಟಳು. ಮನೆ ಕಟ್ಟಿದಾಗ ಪಡಸಾಲೆಗೆ ಹಾಸಿ ಉಳಿದ ಶಹಾಬಾದಿ ಫರ್ಶಿ, ತಾಟಿನಷ್ಟು ಅಗಲ.

"ಅಲ್ಲಿ ನೆಲ ಮೆತ್ತಗಿರತದಂತ. ಪರೀಕ್ಷಾ ಮಾಡೋದಾದ್ರ ನಮ್ಮ ನೆಲದ ಮ್ಯಾಲ ಮಾಡಂತ ಹೇಳ್ರಿ."

ಸೂಟ್‌ಕೇಸಿನಲ್ಲಿ ಕಡಕ್ ರೊಟ್ಟಿಯ ಡಬ್ಬಿ ತುಂಬಿದ್ದರಿಂದ ಕಲ್ಲು ನನ್ನ ಕೈಚೀಲಕ್ಕೆ ಬಂತು. ಅದರ ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಒಂದು ಮೊಣಕಾಲು, ಒಂದಿಷ್ಟು ತಂತಿ, ಆ ಇಕ್ಕಳ. ವಿಮಾನ ನಿಲ್ದಾಣದ ತಪಾಸಣೆ ಯಂತ್ರದಲ್ಲಿ ಇದೆಲ್ಲ ಹೇಗೆ ಕಾಣಿಸಿತೋ, ಬೆಲ್ಟು ನಿಂತಿತು. ಅಧಿಕಾರಿ ಒಬ್ಬರು ಬಂದು ಚೀಲ ತೆರೆದು, ಮೊಣಕಾಲನ್ನು ಬದಿಗಿಟ್ಟು, ಕಲ್ಲನ್ನು ಎತ್ತಿಕೊಂಡರು.

"ಡಾಕ್ಟರ್ ಸಾಬ್, ಯೇ ಪತ್ಥರ್ ಕಾಯಕು?"

"ಮನಿ ನೆಲ ಅದು," ಎಂದೆ, ಗಾಬರಿಯಲ್ಲಿ ಕನ್ನಡದಲ್ಲೇ.

ಅವರು ಕಲ್ಲನ್ನು ತಿರುಗಿಸಿ, ಬೆರಳಿನಿಂದ ತಟ್ಟಿ, ಬೆಳಕಿಗೆ ಹಿಡಿದು ನೋಡಿ ಅವರೂ ಕನ್ನಡಕ್ಕೆ ತಿರುಗಿದರು. "ಶಹಾಬಾದಿ ಅದ ಅಲ್ಲಾ? ನಮ್ಮದು ತಾಂಡೂರ್‌ರಿ. ಹಂಗಾರ ನಮ್ಮ ಕಲ್ಲೇ ಒಯ್ಬೇಕಿತ್ತು ನೀವು, ಪಾಲಿಶ್ ಭಾಳ ಬರತದ." ಎರಡು ಊರಿನ ಕಲ್ಲುಗಳಲ್ಲಿ ಯಾವುದು ಮೇಲೆಂದು ನಾವು ಚರ್ಚೆ ಮಾಡುತ್ತಿರುವಾಗ ಹಿಂದಿನ ಸಾಲು ಉದ್ದವಾಗುತ್ತಿತ್ತು. ಕೊನೆಗೆ ಅವರು ಕಲ್ಲು ಒಳ್ಳೆಯದೇ ಆದರೂ ಕೈಯಲ್ಲಿ ಹಿಡಿದು ವಿಮಾನ ಹತ್ತುವಂತಿಲ್ಲ ಎಂದರು. ವಾಪಸು ಹೋಗಿ, ಸೂಟ್‌ಕೇಸ್ ತೆಗೆಸಿ, ಕಲ್ಲು ಒಳಗಿಟ್ಟು, ರೊಟ್ಟಿಯ ಡಬ್ಬಿ ಹೊರತೆಗೆದೆ. ಹೀಗೆ ನಾನು ಅರ್ಧ ಭೂಮಿಯನ್ನು ತೊಡೆಯ ಮೇಲೆ ರೊಟ್ಟಿ ಇಟ್ಟುಕೊಂಡು ದಾಟಿದೆ.

ಫ್ರಾಂಕ್‌ಫರ್ಟ್‌ನಿಂದ ದಕ್ಷಿಣಕ್ಕೆ

ಜರ್ಮನಿಯ ರೈಲುಗಳು ಗಡಿಯಾರಕ್ಕೆ ಪಾಠ ಹೇಳುತ್ತವೆ ಎಂದು ಕೇಳಿದ್ದೆ. ನನ್ನ ರೈಲು ತಡವಾಗಿತ್ತು. ಬದಲಾಯಿಸಬೇಕಾದ ಎರಡನೆಯ ರೈಲೂ ತಡ. ನಾನು ಹುಟ್ಟಿ ಬೆಳೆದದ್ದು ವಾಡಿಯ ರೈಲ್ವೆ ಕಾಲೊನಿಯಲ್ಲಿ. ತಡವಾಗುವ ರೈಲಿನ ಪ್ರಕಟಣೆ ಕೇಳಿದೊಡನೆ, ಭಾಷೆ ತಿಳಿಯದಿದ್ದರೂ, ಆ ದೇಶದಲ್ಲಿ ಮೊದಲ ಸಲ ಜೀವಕ್ಕೆ ಹಾಯೆನಿಸಿತು.

ಬೆಂಚುಗಳು ತುಂಬಿದ್ದವು. ಉಳಿದವರು ಸುಮ್ಮನೆ ನಿಂತಿದ್ದರು. ವಾಡಿ ಜಂಕ್ಷನ್ನಿನಲ್ಲಿ ಇಷ್ಟು ಹೊತ್ತಿಗೆ ಚಾದರ ಹಾಸಿ, ಬುತ್ತಿ ಬಿಚ್ಚಿ, ಪಕ್ಕದವರ ಮಗನಿಗೆ ಹೆಣ್ಣು ಗೊತ್ತುಮಾಡಿ ಆಗಿರುತ್ತಿತ್ತು. ನಾನು ಒಂದು ಕಂಬದ ಬುಡದಲ್ಲಿ ಪತ್ರಿಕೆ ಹಾಸಿ, ಕಾಲು ಮಡಿಚಿ ಕೂತು, ಡಬ್ಬಿ ತೆರೆದೆ. ರೊಟ್ಟಿ ಚೂರುಚೂರಾಗಿತ್ತು. ಮೊದಲ ಚೂರು ಬಾಯಿಗೆ ಇಡುವಷ್ಟರಲ್ಲಿ ಒಬ್ಬ ಹೆಂಗಸು ಬಗ್ಗಿ, ನನ್ನ ಭುಜ ಮುಟ್ಟಿ, ಆರೋಗ್ಯ ಸರಿಯಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸರಿಯಿದೆ ಎಂದೆ. ನಂಬಲಿಲ್ಲ. ಇನ್ನೊಬ್ಬ ನೀರಿನ ಬಾಟಲಿ ತಂದ. ಮೂರನೆಯವನು ತನ್ನ ಬೆಂಚಿನಿಂದ ಎದ್ದು ನಿಂತು ನನ್ನನ್ನು ಅಲ್ಲಿಗೆ ಕರೆದ. ಅವರ ಮುಖಗಳಲ್ಲಿ ನಿಜವಾದ ಕಾಳಜಿ ಇತ್ತು. ಅಲ್ಲಿ ನೆಲದ ಮೇಲಿರುವ ಮನುಷ್ಯನೆಂದರೆ ಬಿದ್ದ ಮನುಷ್ಯ. ನಾನು ನಾಚಿ ಎದ್ದು, ಬಿಟ್ಟುಕೊಟ್ಟ ಜಾಗದಲ್ಲಿ ಕೂತು, ಡಬ್ಬಿ ಮುಚ್ಚಿದೆ.

ಕುರ್ಚಿಯ ಮೇಲೆ ಕೂತ ಸುಜಾತಾಳ ಮುಖ ಆಗ ನೆನಪಾಯಿತು. ಅವಳಿಗೂ ಕುರ್ಚಿ ಕೊಟ್ಟವರು ಒಳ್ಳೆಯವರೇ.

ಡಾನ್ಯೂಬ್ ದಂಡೆಯ ಊರು

ಊರು ಸಣ್ಣದು, ನಡುವೆ ಡಾನ್ಯೂಬ್ ನದಿ. ಭೂಗೋಳದಲ್ಲಿ ಓದಿದ ಆ ಮಹಾನದಿ ಇಲ್ಲಿ ಇನ್ನೂ ಎಳೆಯದು, ನಮ್ಮ ಕಾಗಿಣಾ ಹೊಳೆಯಷ್ಟೂ ಇಲ್ಲ. ಕತ್ತರಿ, ಇಕ್ಕಳ, ಮೂಳೆ ಕೊರೆಯುವ ಡ್ರಿಲ್ಲು ಮಾಡುವುದು ಇಲ್ಲಿನವರ ಮನೆತನದ ಕಸುಬು. ನಮ್ಮ ಶಹಾಬಾದಿನಲ್ಲಿ ಓಣಿಗೊಂದು ಫರ್ಶಿ ಮಷೀನು ಕೂಗುವ ಹಾಗೆ ಇಲ್ಲಿ ಓಣಿಗೊಂದು ಕಾರ್ಖಾನೆ, ಆದರೆ ಸದ್ದಿಲ್ಲ. ಬೀದಿಯಲ್ಲಿ ಒಂದೂ ವಾಹನವಿಲ್ಲದಿದ್ದರೂ ಜನ ಕೆಂಪು ದೀಪಕ್ಕೆ ನಿಂತು ಕಾಯುತ್ತಾರೆ. ನಾನು ಒಮ್ಮೆ ದಾಟಿಬಿಟ್ಟೆ. ಬೀದಿಯ ಆಚೆ ಬದಿಯಲ್ಲಿ ಒಬ್ಬ ಅಜ್ಜಿ ನನ್ನನ್ನು ನೋಡಿದ ನೋಟಕ್ಕೆ ವಾಪಸು ಹೋಗಿ ಮತ್ತೆ ಕಾದು ದಾಟಬೇಕೆನ್ನಿಸಿತು.

ಕಾರ್ಖಾನೆಯಲ್ಲಿ ಮಧ್ಯಾಹ್ನವಾದರೆ ಎದುರು ಸಿಕ್ಕವರೆಲ್ಲ "ಮಾಲ್ಟ್ಸೈಟ್" ಎನ್ನುತ್ತಾರೆ. ಊಟದ ಹೊತ್ತು ಎಂದರ್ಥ. ಮೊದಲ ದಿನ ನನಗೆ ಖುಷಿಯಾಯಿತು, ಊಟ ಆಯ್ತೇನ್ರಿ ಎನ್ನುವ ಜನ ಇಲ್ಲೂ ಇದ್ದಾರಲ್ಲ ಎಂದು ನಿಂತು ಉತ್ತರ ಹೇಳಲು ಶುರು ಮಾಡಿದೆ. ಹೇಳಿದವರು ಅಷ್ಟರಲ್ಲಿ ಮೂಲೆ ತಿರುಗಿ ಹೋಗಿರುತ್ತಿದ್ದರು. ಪ್ರಶ್ನೆ ಇದೆ, ಉತ್ತರಕ್ಕೆ ಜಾಗವಿಲ್ಲ. ಸೇಡಂನಲ್ಲಿ ಈ ಪ್ರಶ್ನೆ ಕೇಳಿದವರು ಪಲ್ಯ ಯಾವುದು ಎಂದು ತಿಳಿಯದೆ ಕದಲುವುದಿಲ್ಲ.

ಹೈಕೆ ನನ್ನನ್ನು ಪರೀಕ್ಷೆಯ ಕೋಣೆಗೆ ಕರೆದೊಯ್ದಳು. ಗಾಜಿನ ಪೆಟ್ಟಿಗೆಯೊಳಗೆ ಒಂದು ಯಂತ್ರದ ಕಾಲು. ಅದರ ಚಿಪ್ಪಿನ ಮೇಲೆ ನನ್ನ ಹಾಲಿನಪುಡಿ ಡಬ್ಬಿಯ ತಗಡು ಟೈಟಾನಿಯಂನ ಅವತಾರದಲ್ಲಿ ಹೊಳೆಯುತ್ತಿತ್ತು. ಕಣ್ಣು ತುಂಬಿ ಬಂತು, ಮುಚ್ಚಿಡುವುದಿಲ್ಲ. ಅಂಚಿನ ಸ್ಕ್ರೂಗಳನ್ನು ಹೊರಬದಿಗೆ ಹಾಕಿದ್ದರು. ಮುಂಭಾಗ ಬೆಣ್ಣೆ ಸವರಿದಷ್ಟು ನುಣುಪು. ಬಟನ್ ಒತ್ತಿದಳು. ಕಾಲು ಮಡಿಚಿತು, ಕುರ್ಚಿಯಲ್ಲಿ ಕೂತವನ ಕಾಲಿನಷ್ಟು ಮಡಿಚಿ, ಇನ್ನೂ ಸ್ವಲ್ಪ ಮಡಿಚಿ, ನಿಂತಿತು.

"ಇನ್ನೂ ಮಡಿಚಬೇಕು," ಎಂದೆ.

"ಇನ್ನೆಲ್ಲಿಗೆ? ಇದು ಇಷ್ಟೇ ಹೋಗುವುದು," ಎಂದಳು ಹೈಕೆ.

ಮಾತಿನಲ್ಲಿ ಹೇಳಿ ಪ್ರಯೋಜನವಿರಲಿಲ್ಲ. ನಾನು ಬೂಟು ಬಿಚ್ಚಿ ಆ ಪಾಲಿಶ್ ನೆಲದ ಮೇಲೆ ಊಟಕ್ಕೆ ಕೂತಂತೆ ಕೂತೆ. ಆಮೇಲೆ ಎರಡೂ ಮೊಣಕಾಲೂರಿ, ಹಣೆ ನೆಲಕ್ಕೆ ಮುಟ್ಟಿಸಿ ತೋರಿಸಿದೆ. ವಾಡಿಯ ಬುದ್ಧವಿಹಾರದಲ್ಲಿ ನಮ್ಮವ್ವ ಹಾಗೆ ವಂದಿಸುತ್ತಿದ್ದಳು. ನನ್ನ ಪಾಲಿಗೆ ಮೊಣಕಾಲು ಮತ್ತು ನೆಲ ಎಂದರೆ ಅದೇ ಚಿತ್ರ. ಕೋಣೆಯಲ್ಲಿದ್ದವರು ಕೆಲಸ ಬಿಟ್ಟು ಸುತ್ತ ನಿಂತರು. ತಾವೂ ನೋಡುತ್ತೇವೆಂದು ಬಿಳಿ ಕೋಟಿನ ನಾಲ್ಕೈದು ಜನ ಕೂರಲು ಹೊರಟರು. ಒಬ್ಬ ಅರ್ಧಕ್ಕೆ ಸಿಕ್ಕಿಕೊಂಡು ಮೇಜು ಹಿಡಿದು ನೇತಾಡಿದ. ಇನ್ನೊಬ್ಬ ಪೂರ್ತಿ ಕೂತು, ಏಳಲಾಗದೆ, ನಗುತ್ತ ಕೈ ಚಾಚಿದ. ಅವರನ್ನೆಲ್ಲ ಎಬ್ಬಿಸುವುದರಲ್ಲಿ ನನಗೆ ಸಾಕಾಯಿತು.

ಹೈಕೆ ಮಾತ್ರ ಕೂರಲಿಲ್ಲ. ನನ್ನ ಸೂಟ್‌ಕೇಸಿನಿಂದ ಬಂದ ಕಲ್ಲನ್ನು ಕೈಯಲ್ಲಿ ಹಿಡಿದು ಅದರ ಮೇಲ್ಮೈ ಸವರುತ್ತಿದ್ದಳು. "ನೆಲ ಇಷ್ಟು ಗಟ್ಟಿಯೇ?" ಎಂದಳು. ಹೌದು, ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಇನ್ನೂ ತಂಪು ಎಂದೆ. ಯಂತ್ರದ ಕಾಲನ್ನು ಬಿಚ್ಚಿ ಪೂರ್ತಿ ಮಡಿಚುವಂತೆ ಬದಲಾಯಿಸಲು, ಅದರ ಕೆಳಗೆ ಈ ಕಲ್ಲನ್ನು ಕೂರಿಸಲು ಹೇಳಿದಳು.

ಭಾನುವಾರ

ಭಾನುವಾರ ಆ ಊರು ಬಾಗಿಲು ಹಾಕಿಕೊಳ್ಳುತ್ತದೆ. ಅಂಗಡಿ ಇಲ್ಲ, ಗದ್ದಲ ಇಲ್ಲ, ಬಟ್ಟೆ ಒಗೆಯುವ ಸದ್ದೂ ಇಲ್ಲ. ಕೋಣೆಯಲ್ಲಿ ಒಬ್ಬನೇ ಕೂತು ಕೂತು ನನಗೆ ಸೇಡಂ ಬಸ್ ನಿಲ್ದಾಣದ ಕಂಡಕ್ಟರುಗಳ ಕೂಗು ಬೇಕೆನಿಸಿತು. ಹೈಕೆ ಬಂದು, ನಡೆಯಿರಿ, ನಿಮಗೊಂದು ಜಾಗ ತೋರಿಸುತ್ತೇನೆ ಎಂದಳು.

ಊರಿನಿಂದ ಸ್ವಲ್ಪ ಮೇಲಕ್ಕೆ ಡಾನ್ಯೂಬ್ ನದಿ ಮಾಯವಾಗುತ್ತದೆ. ಉತ್ಪ್ರೇಕ್ಷೆಯಲ್ಲ. ಹರಿದು ಬಂದ ನೀರು ಒಂದು ತಿರುವಿನಲ್ಲಿ ಸುಣ್ಣಕಲ್ಲಿನ ಬಿರುಕುಗಳೊಳಗೆ ಇಳಿದು ಹೋಗುತ್ತದೆ. ಬೇಸಿಗೆಯಲ್ಲಿ ಅಲ್ಲಿಂದ ಮುಂದೆ ಬರೀ ಒಣಗಿದ ಪಾತ್ರ, ಊರಿನ ಹತ್ತಿರ ಬೇರೆ ಹಳ್ಳಗಳು ಸೇರಿದ ಮೇಲೆಯೇ ಅದು ಮತ್ತೆ ನದಿಯಾಗುವುದು. ಆ ನೀರು ನೆಲದೊಳಗೇ ನಡೆದು ದೂರದ ಇನ್ನೊಂದು ಊರಿನಲ್ಲಿ ಬುಗ್ಗೆಯಾಗಿ ಏಳುತ್ತದಂತೆ. ನಾವು ನದಿಯ ನಡುವೆ ಕಲ್ಲುಗಳ ಮೇಲೆ ನಡೆದೆವು. ಬಿಳಿಚಿದ ಪದರು ಪದರು ಕಲ್ಲು. ಒಂದನ್ನು ಎತ್ತಿ ನೋಡಿದೆ. ಬಣ್ಣ ಬೇರೆ, ಆದರೆ ಕಾಗಿಣಾದ ದಡದ ಕಲ್ಲಿನದೇ ಜಾತಿ. ನಮ್ಮಲ್ಲಿ ಅದನ್ನು ಅರೆದು ಸಿಮೆಂಟು ಮಾಡುತ್ತಾರೆ, ಸೀಳಿ ಮನೆಗೆ ಹಾಸುತ್ತಾರೆ.

ಸುತ್ತ ಯಾರೂ ಇರಲಿಲ್ಲ. ಕೂರಬಹುದೇ ಎಂದು ಕೇಳಿದೆ. ರೈಲು ನಿಲ್ದಾಣದ ಕಥೆ ಕೇಳಿದ್ದ ಹೈಕೆ ನಕ್ಕು, ಇಲ್ಲಿ ಯಾರೂ ಆಂಬುಲೆನ್ಸ್ ಕರೆಯುವುದಿಲ್ಲ ಎಂದಳು. ಬಂದ ಮೇಲೆ ಮೊದಲ ಸಲ ಮನಸಾರೆ ನೆಲಕ್ಕೆ ಕೂತೆ. ಕಲ್ಲು ಬಿಸಿಲಿಗೆ ಬೆಚ್ಚಗಿತ್ತು. ಉಳಿದ ರೊಟ್ಟಿಯ ಪುಡಿಯನ್ನು ಹಿಂಡಿಯ ಜೊತೆ ಬೆರೆಸಿ ಅವಳ ಅಂಗೈಗೂ ಹಾಕಿದೆ. ತಿನ್ನುತ್ತ ನಿಂತಿದ್ದವಳು ಸ್ವಲ್ಪ ಹೊತ್ತಾದ ಮೇಲೆ ಒಂದು ಬಂಡೆಗೆ ಕೈಯೂರಿ, ನಿಧಾನಕ್ಕೆ, ನನ್ನ ಪಕ್ಕದಲ್ಲಿ ಕೂತಳು.

"ನನ್ನ ಅಜ್ಜಿ ಆಲೂಗಡ್ಡೆ ಕೀಳುವಾಗ ಇಡೀ ದಿನ ಮಣ್ಣಿನಲ್ಲಿ ಕೂತಿರುತ್ತಿದ್ದಳು," ಎಂದಳು. "ನಾನು ಅವಳ ತೊಡೆಯ ಮೇಲೆ. ಆಮೇಲೆ ನಾವು ಮೇಲಕ್ಕೆ ಹತ್ತಿದೆವು, ಮತ್ತೆ ಇಳಿಯಲಿಲ್ಲ. ಒಂದು ಮಾತು ಕೇಳಲೇ? ನಿಮ್ಮ ಹೆಂಡತಿ ನಿಂತೇ ಅಡಿಗೆ ಮಾಡಿದರೆ ಏನು ಕಷ್ಟ? ಅಥವಾ ನೀವೇ ಮಾಡಿದರೆ?"

ನಾಯಿ ಮೂಸಿದ ರೊಟ್ಟಿಯ ಕಥೆ ಹೇಳಿದೆ. ಅವಳು ನಕ್ಕಳು, ಆದರೆ ಉತ್ತರಕ್ಕೆ ಕಾದಳು. ನಾನು ಕುರಕುಂಟಾದ ಹೊಲವನ್ನು, ಕೆಂಡದ ಸುತ್ತ ಕೂತವರನ್ನು, ಪ್ಲಾಸ್ಟಿಕ್ ಕುರ್ಚಿಯನ್ನು, ಸತ್ತವರ ಫೋಟೋ ಎಂಬ ಮಾತನ್ನು ಹೇಳಿದೆ. ನನಗೆ ರೊಟ್ಟಿಯಲ್ಲ ಬೇಕಾದದ್ದು, ರೊಟ್ಟಿಯ ಆಚೆ ಕೂತಿರುತ್ತಿದ್ದ ಆ ಮುಖ ಬೇಕು ಎಂದೂ ಹೇಳಿದೆ. ಊರಲ್ಲಿ ಯಾರ ಮುಂದೆಯೂ ಇದನ್ನು ಹೇಳಿರಲಿಲ್ಲ. ಹೈಕೆ ನೀರು ಇಳಿಯುವ ಬಿರುಕನ್ನು ನೋಡುತ್ತ ಕೂತಳು. ಕೊನೆಗೆ ಏಳುವಾಗ ಅವಳಿಗೆ ನನ್ನ ಕೈ ಬೇಕಾಯಿತು.

ಕಾರ್ಖಾನೆ, ಕೊನೆಯ ದಿನ

ಯಂತ್ರದ ಕಾಲು ಈಗ ಪೂರ್ತಿ ಮಡಿಚುತ್ತಿತ್ತು. ಕೆಳಗೆ ನಮ್ಮ ಮನೆಯ ಕಲ್ಲು. ಮೊಣಕಾಲು ಮುಂಭಾಗದಿಂದ ಕಲ್ಲಿಗೆ ಊರುವುದು, ಭಾರ ಬೀಳುವುದು, ಏಳುವುದು, ಮತ್ತೆ ಊರುವುದು. ಗಾಜಿನ ಪೆಟ್ಟಿಗೆಯಲ್ಲಿ ಯಾರೋ ಬಿಡದೆ ವಂದನೆ ಮಾಡುತ್ತಿರುವಂತಿತ್ತು. ಪಟ್ಟಿ ಬಾಗಲಿಲ್ಲ, ಸ್ಕ್ರೂ ಸಡಿಲವಾಗಲಿಲ್ಲ. ಎಲ್ಲರೂ ಕೈ ಕುಲುಕಿದರು. ಇನ್ನು ನಕ್ಷೆ ಹೀಗೆಯೇ ಗಟ್ಟಿ ಮಾಡಿ ಮುಂದಿನ ಪರೀಕ್ಷೆಗಳಿಗೆ ಕಳಿಸುವುದೆಂದು ಹೈಕೆ ಹೇಳಿದಳು. ನಾನು ಹಿಗ್ಗಿನಲ್ಲಿ ಸುಜಾತಾಳಿಗೆ ವೀಡಿಯೋ ಕರೆ ಮಾಡಿದೆ. ಅವಳು ಆಗಷ್ಟೇ ಶಾಲೆಯಿಂದ ಬಂದಿದ್ದಳು, ಬೆರಳಿಗೆ ಇನ್ನೂ ಸೀಮೆಸುಣ್ಣ ಅಂಟಿತ್ತು.

"ಸ್ಕ್ರೂ ಎಲ್ಲಿ ಹಾಕ್ಯಾರ? ಜರಾ ಹತ್ರ ಹಿಡೀರಿ."

"ಹೊರಗಿನ ಅಂಚಿಗಿ ಹಾಕ್ಯಾರ. ಅಲ್ಲಿ ಏನೂ ತಾಗಂಗಿಲ್ಲ."

"ಯಾರು ಹೇಳ್ಯಾರ ತಾಗಂಗಿಲ್ಲಂತ? ನಂದು ಭಾರ ಬೀಳೋದೇ ಅಲ್ಲಿ."

"ಮಣಕಾಲ ಊರಿದ್ರ ಮುಂದಿನ ಭಾಗ ತಾಗತದ, ಸುಜಾತಾ. ನಾ ಇಲ್ಲಿ ಎಲ್ಲಾರಿಗೂ ಮಾಡಿ ತೋರ್ಸೀನಿ."

"ನೀವು ತೋರ್ಸಿದ್ದು ವಿಹಾರದಾಗ ಅತ್ತಿ ವಂದನಾ ಮಾಡೋದು. ರೊಟ್ಟಿ ಬಡಿಯೋದು ಯಾರು ತೋರ್ಸ್ಯಾರ? ಮಾಡಿದ ರೊಟ್ಟಿ ತಿಂದೀರಿ, ಮಾಡೋ ಕಾಲು ಯಾವಾಗ ನೋಡೀರಿ?"

ಅಷ್ಟು ವರ್ಷ ಎದುರಿಗೆ ಕೂತವನಿಗೆ ಅವಳ ಮುಖ ನೆನಪಿದೆ, ಕೈ ನೆನಪಿದೆ, ಬಳೆಯ ಸದ್ದು ನೆನಪಿದೆ. ಹಂಚಿನ ಆಚೆ ಸೀರೆಯ ಕೆಳಗೆ ಯಾವ ಮೊಣಕಾಲು ಎಲ್ಲಿತ್ತೋ ಕಾಣಿಸಿರಲೇ ಇಲ್ಲ. ಹೈಕೆ ಏನಾಯಿತು ಎಂದು ಕೇಳಿದಳು. ಹೇಳಿದೆ. ಅವಳು ಫೋನಿನ ಹತ್ತಿರ ಬಂದಳು.

"ತಡೀರಿ," ಎಂದಳು ಸುಜಾತಾ. ಚಿತ್ರ ಅಲುಗಾಡಿತು. ಗೋಡೆ ಕಂಡಿತು, ಛಾವಣಿ ಕಂಡಿತು, ಆಮೇಲೆ ಹಿಂದಿನ ಪಡಸಾಲೆ. ಜೋಳದ ಹಿಟ್ಟಿನ ಡಬ್ಬಿಗೆ ಒರಗಿಸಿ ಫೋನನ್ನು ನೆಲದ ಮೇಲೆ ಇಟ್ಟಿದ್ದಳು. ತಣ್ಣಗಿನ ಒಲೆಯ ಮುಂದೆ ಅವಳ ಪಾದಗಳು ಬಂದು ನಿಂತವು.

"ಬ್ಯಾಡ," ಎಂದೆ. "ಸುಜಾತಾ, ಬ್ಯಾಡ, ನೋವಾಗತದ."

ಅವಳು ಒಲೆಯ ಕಟ್ಟೆ ಹಿಡಿದು ಕೂತಳು. ಎಡಗಾಲು ಮಡಿಚಿ ನೆಲಕ್ಕೆ ಹಾಸಿ, ಬಲಮೊಣಕಾಲು ಎತ್ತಿ ನಿಲ್ಲಿಸಿದಳು. ಕೂರುವಾಗ ಬಾಯಿಂದ ಒಂದು ಸದ್ದು ಬಂತು, ಅದನ್ನು ಕೆಮ್ಮಿನಂತೆ ಮಾಡಿ ಮುಚ್ಚಿದಳು. ಹಿಟ್ಟು ಕಲಸಿರಲಿಲ್ಲ. ಬರಿಗೈಯಿಂದಲೇ ಕಲ್ಲಿನ ಮೇಲೆ ಬಡಿಯತೊಡಗಿದಳು. ಪಟ್ ಪಟ್ ಎಂಬ ಆ ಸದ್ದು ಜರ್ಮನಿಯ ಆ ಕೋಣೆಯಲ್ಲಿ ಕೇಳಿಸಿತು. ಬಿಳಿ ಕೋಟಿನವರು ಒಬ್ಬರ ಹಿಂದೊಬ್ಬರು ಬಗ್ಗಿ ನೋಡಿದರು. ಆಮೇಲೆ ಅವಳು ಇಲ್ಲದ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಂಚಿನ ಕಡೆಗೆ ಬಾಗಿದಳು. ಬಾಗಿದಾಗ ಮೈಭಾರವೆಲ್ಲ ಮಡಿಚಿದ ಎಡಮೊಣಕಾಲಿನ ಮೇಲೆ ಉರುಳಿತು. ಮುಂಭಾಗದ ಮೇಲಲ್ಲ, ಹೊರಗಿನ ಅಂಚಿನ ಮೇಲೆ. ನಾವು ಸ್ಕ್ರೂ ಹಾಕಿದ ಜಾಗದ ಮೇಲೆಯೇ. ಅವಳ ಮುಖ ಬಿಳಿಚಿತು.

"ನೋಡ್ರಿ, ಇಲ್ಲಿ," ಎಂದು ಸೀಮೆಸುಣ್ಣದ ಬೆರಳಿನಿಂದ ಸೀರೆಯ ಮೇಲೆ ಆ ಜಾಗ ಒತ್ತಿ ತೋರಿಸಿದಳು. "ಇಲ್ಲಿ ಕಲ್ಲು ತಾಗತದ. ಸ್ಕ್ರೂ ಮ್ಯಾಲ ಒಳಗಿನ ಕಡೀಗಿ ಹಾಕಂತ ಹೇಳ್ರಿ."

ಅನುವಾದ ಬೇಕಾಗಲಿಲ್ಲ. ಹೈಕೆ ಅಷ್ಟರಲ್ಲಿ ಕಾರ್ಖಾನೆಯ ನೆಲಕ್ಕೆ ಕೂತಿದ್ದಳು. ಪರದೆಯನ್ನು ನೋಡುತ್ತ ಎಡಗಾಲು ಮಡಿಚಿ, ಬಲಗಾಲು ಎತ್ತಿ, ಮುಂದಕ್ಕೆ ಬಾಗಿ, ತನ್ನ ಪ್ಯಾಂಟಿನ ಮೇಲೆಯೇ ಪೆನ್ನಿನಿಂದ ಒಂದು ಗುರುತು ಹಾಕಿಕೊಂಡಳು. ತಲೆಯೆತ್ತಿ ನನ್ನನ್ನು ನೋಡಿದಳು. "ಅಂಚನ್ನು ಪೂರ್ತಿ ಬದಲಾಯಿಸಬೇಕು. ಮೊದಲಿನಿಂದ," ಎಂದಳು. "ಇದನ್ನೇ ಕಳಿಸಿಬಿಟ್ಟಿದ್ದರೆ?"

ಇದನ್ನೇ ಕಳಿಸಿಬಿಟ್ಟಿದ್ದರೆ ಅವಳ ಮೊಣಕಾಲನ್ನು ಮತ್ತೆ ಕೊಯ್ದು, ತಂತಿ ಚುಚ್ಚುವ ಜಾಗದ ಬದಲು ಸ್ಕ್ರೂ ಚುಚ್ಚುವ ಜಾಗ ಮಾಡಿ ಕೊಡುತ್ತಿದ್ದೆವು.

"ಸಾಕು, ಏಳು ಇನ್ನ," ಎಂದೆ ಫೋನಿಗೆ.

"ಒಬ್ಬಾಕಿಗೆ ಏಳಲಿಕ್ಕ ಬರಂಗಿಲ್ಲ."

"ಬಾಜೂ ಮನಿಯವರಿಗಿ ಕರಿ."

"ಕರೀತೀನಿ ತಡೀರಿ, ಏನ್ ಅವಸರ ಅದ ನಿಮಗ?" ಅವಳು ಕೈಯನ್ನು ನೆಲಕ್ಕೆ ಊರಿ ಸುತ್ತಲೂ ನೋಡಿದಳು. ನೋವು ಮುಖದಲ್ಲಿ ಇನ್ನೂ ಇತ್ತು, ಆದರೆ ಅದರ ಮೇಲೆ ಬೇರೆ ಏನೋ ಬಂದಿತ್ತು. "ಎಷ್ಟ್ ದಿನಾ ಆಗಿತ್ತು ಇಲ್ಲಿ ಕುಂತು. ಕೆಳಗಿಂದ ಮನಿ ಬ್ಯಾರೆನೇ ಕಾಣತದ ನೋಡ್ರಿ. ಆ ಕಪಾಟಿನ ಕೆಳಗ ಯಾರೂ ಕಸಾನೇ ಹೊಡದಿಲ್ಲ."

ಎರಡು ವರ್ಷ ನಾನು ಆಸೆಪಟ್ಟ ಚಿತ್ರ ಅದೇ. ಒಲೆಯ ಆಚೆ, ಅದೇ ಜಾಗದಲ್ಲಿ, ಅದೇ ಮುಖ. ಅದು ಸಿಕ್ಕಿದ್ದು ನಾನು ಕೈ ಚಾಚಿ ಎಬ್ಬಿಸಲಾಗದಷ್ಟು ದೂರದಲ್ಲಿ ನಿಂತಿದ್ದಾಗ.

"ನೀವ್ಯಾಕ ನಿಂತೀರಿ?" ಎಂದಳು. "ಕುಂದ್ರಿ."

ಫೋನನ್ನು ನಮ್ಮ ಮನೆಯ ಕಲ್ಲಿದ್ದ ಗಾಜಿನ ಪೆಟ್ಟಿಗೆಯ ಬುಡಕ್ಕೆ ಒರಗಿಸಿ, ಅದರ ಎದುರು ಕಾಲು ಮಡಿಚಿ ಕೂತೆ. ಹೈಕೆ ಯಾರಿಗೋ ಸನ್ನೆ ಮಾಡಿದಳು, ಯಂತ್ರದ ಸದ್ದು ನಿಂತಿತು. ಅವಳು ಕೂಗಿ ಕರೆದ ಪಕ್ಕದ ಮನೆಯವರು ಬರುವ ತನಕ ನಾವಿಬ್ಬರೂ ಹಾಗೆಯೇ ಕೂತಿದ್ದೆವು. ಊಟ ಆಯ್ತೇನು ಎಂದು ಅವಳು ಕೇಳಿದಳು, ಏನು ತಿಂದೆ ಎಂದು ಹೇಳಿದೆ.

ಮತ್ತೆ ಸೇಡಂ

ಕಲ್ಲನ್ನು ಅಲ್ಲೇ ಬಿಟ್ಟು ಬಂದೆ. ಹೊಸ ಪಟ್ಟಿಗೆ ಅದು ಬೇಕು. ಸ್ಕ್ರೂಗಳು ಈಗ ಮೇಲಿನ ಒಳಬದಿಗೆ ಹೋಗಿವೆ, ಹೊರಗಿನ ಅಂಚು ತೆಳುವಾಗಿದೆ, ಯಂತ್ರದ ಕಾಲಿಗೆ ಹೈಕೆ ಹೊಸ ಪಾಠ ಕಲಿಸುತ್ತಿದ್ದಾಳೆ. ಆ ಚಲನೆಗೆ ಅವರ ಕೋಣೆಯಲ್ಲಿ ಈಗ ರೊಟ್ಟಿ ಎಂದೇ ಹೆಸರಂತೆ. ಆಮೇಲೆ ಪರೀಕ್ಷೆಗಳು, ಅನುಮತಿಗಳು. ಮೂಳೆಯೊಳಗೆ ಇಡುವ ಲೋಹಕ್ಕೆ ಅವಸರ ಸಲ್ಲದು ಎಂದು ರೋಗಿಗಳಿಗೆ ಹೇಳುತ್ತ ಬಂದವನು ನಾನೇ.

ಬಂದ ಸಂಜೆ ಸುಜಾತಾ ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿದಳು. ಮುಗಿದ ಮೇಲೆ ನಾನು ತಾಟುಗಳನ್ನು ಮೇಜಿನ ಮೇಲೆ ಇಡಲಿಲ್ಲ, ಹಿಂದಿನ ಪಡಸಾಲೆಗೆ ಒಯ್ದೆ. ಹಳೆ ಸೀರೆಗಳಲ್ಲಿ ಹೊಲಿದ ದಪ್ಪ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಕಿದೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಸೀತನಿ ಬರೋದ್ರಾಗ ಆಗತದೇನ್ರಿ ಅದು?"

"ಈ ಸಲ ಆಗಂಗಿಲ್ಲ," ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಅವಳು ಒಲೆಯ ಕಡೆ ನೋಡಿದಳು. "ಆಗಲಿಲ್ಲಂದ್ರ ಬಿಡ್ರಿ. ಕುರ್ಚಿ ಮ್ಯಾಲಂತೂ ನಾ ಕುಂದ್ರಂಗಿಲ್ಲ. ಕುರಕುಂಟಾಕ್ಕ ಈ ಕೌದಿ ತಗೊಂಡು ಹೋಗಾಮು. ನೀವೇ ಕುಂದ್ರಸ್ರಿ, ನೀವೇ ಎಬ್ಬಸ್ರಿ," ಎಂದು ಎರಡೂ ಕೈ ಚಾಚಿದಳು.

ಕೈ ಹಿಡಿದು ಇಳಿಸಿದೆ. ಎದುರೆದುರು ಕೂತು ಉಂಡೆವು. ಒಲೆಯಲ್ಲಿ ಬೆಂಕಿ ಇರಲಿಲ್ಲ, ರೊಟ್ಟಿ ಆರಿತ್ತು. ಬಾಗಿ ಹಂಚಿಗೆ ಹಾಕುವ ಆ ಒಂದು ಚಲನೆ ಇನ್ನೂ ಅವಳದಾಗಿಲ್ಲ, ಅದು ದೂರದಲ್ಲಿ ಒಂದು ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಕಲ್ಲಿನ ಮೇಲೆ ನಡೆಯುತ್ತಿದೆ. ಊಟ ಮುಗಿದು ಅವಳನ್ನು ಎಬ್ಬಿಸಲು ನಾನು ಮೊಣಕಾಲೂರಿ ಕೈ ಹಿಡಿದೆ.

"ಇರ್ರಿ," ಎಂದಳು. "ಇನ್ನೊಂದ್ ಜರಾ."

ನಾನು ಕೈ ಬಿಡದೆ ಹಾಗೆಯೇ ಕೂತೆ.